ಈ ವಾರ ಮಳೆಗಿಂತ ಇಬ್ಬನಿ ನೋಡಿಕೊಳ್ಳಿ: ದಾವಣಗೆರೆ–ಚಿತ್ರದುರ್ಗ ಹವಾಮಾನ ಪ್ರಶ್ನೋತ್ತರ

ಪ್ರಶ್ನೆ (ರೈತರು, ಜಗಳೂರು): ಮೇಡಂ, ಮೆಕ್ಕೆಜೋಳ ಕಣದಲ್ಲಿ ಹರಡಿದ್ದೀವಿ. ನವೆಂಬರ್ ಕೊನೆ ವಾರ, ಮಳೆ ಬರುತ್ತಾ? ಒಂದು ಆ್ಯಪ್ ಪೂರ್ತಿ ಬಿಸಿಲು ಅನ್ನುತ್ತದೆ, ಇನ್ನೊಂದು ಗುರುವಾರ ಮೋಡ ತೋರಿಸುತ್ತದೆ.

ಉತ್ತರ (ಕೃಷಿ ಹವಾಮಾನ ಸಲಹೆಗಾರ್ತಿ): ಧೈರ್ಯವಾಗಿ ಒಣಗಿಸಿ ಅಣ್ಣ. ಹಿಂಗಾರಿನಲ್ಲಿ ನಮಗೆ ದೊಡ್ಡ ಮಳೆ ಬರಬೇಕಾದರೆ ಹೆಚ್ಚಾಗಿ ಬಂಗಾಳ ಕೊಲ್ಲಿಯಲ್ಲಿ ಏನಾದರೂ ಏಳಬೇಕು. ಸದ್ಯ ಅಲ್ಲಿ ವಾಯುಭಾರ ಕುಸಿತ ಇಲ್ಲ. ಹಾಗಾಗಿ ಪೂರ್ವ, ಈಶಾನ್ಯದಿಂದ ಬರುತ್ತಿರುವುದು ಬರೀ ಒಣಗಾಳಿ. ಹಗಲು 28ರಿಂದ 30 ಡಿಗ್ರಿ, ಬೆಳಗಿನ ಜಾವ 15ರಿಂದ 17. ಗುರುವಾರದ್ದು ಎತ್ತರದ ತೆಳು ಮೋಡ, ಬಿಸಿಲು ಸ್ವಲ್ಪ ಮಂಕಾಗುತ್ತದೆ ಅಷ್ಟೇ.

ಆದರೆ ಮಳೆ ಇಲ್ಲ ಅಂತ ರಾತ್ರಿ ಕಾಳು ಬಿಚ್ಚಿಡಬೇಡಿ. ಆಕಾಶ ತಿಳಿಯಾಗಿದ್ದು ಗಾಳಿ ನಿಂತರೆ ನೆಲ ಬೇಗ ತಣ್ಣಗಾಗುತ್ತದೆ, ಇಬ್ಬನಿ ಜಾಸ್ತಿ ಬೀಳುತ್ತದೆ. ಹಗಲೆಲ್ಲ ಒಣಗಿದ ಕಾಳು ರಾತ್ರಿ ಮತ್ತೆ ತೇವ ಎಳೆದುಕೊಳ್ಳುತ್ತದೆ.

ಪ್ರಶ್ನೆ (ಅವರೇ): ತಾಡಪಾಲು ಹೊದಿಸಿದರೂ ಬೆಳಿಗ್ಗೆ ಒಳಗಡೆ ನೀರು ಇರುತ್ತದಲ್ಲ ಮೇಡಂ?

ಉತ್ತರ: ಅದು ಮೇಲಿಂದ ಇಳಿದ ನೀರಲ್ಲ. ಬಿಸಿ ಕಾಳಿನಿಂದ ಎದ್ದ ಆವಿ ತಣ್ಣನೆ ತಾಡಪಾಲಿಗೆ ತಾಗಿ ಹನಿಯಾಗುತ್ತದೆ. ಹೊತ್ತು ಮುಳುಗುವ ಮೊದಲೇ ರಾಶಿ ಮಾಡಿ, ಮೇಲೆ ಗೋಣಿಚೀಲ ಹಾಸಿ, ಆಮೇಲೆ ತಾಡಪಾಲು ಎಳೆಯಿರಿ. ಹನಿಯನ್ನು ಗೋಣಿ ಹೀರುತ್ತದೆ. ಬೆಳಿಗ್ಗೆ ಏಳಕ್ಕೇ ಬಿಚ್ಚಬೇಡಿ. ಕಣದ ನೆಲ ಆರಲಿ, ಒಂಬತ್ತು ಗಂಟೆ ಆದರೂ ಪರವಾಗಿಲ್ಲ.

ದಾಸ್ತಾನಿಗೆ ತೇವಾಂಶ ಶೇಕಡಾ 14ಕ್ಕಿಂತ ಕಡಿಮೆ ಇರಬೇಕು. ಮೀಟರ್ ಇಲ್ಲದಿದ್ದರೆ ಒಣಗಿದ ಗಾಜಿನ ಬಾಟಲಿಗೆ ಒಂದೆರಡು ಹಿಡಿ ಕಾಳು, ಚೆನ್ನಾಗಿ ಒಣಗಿಸಿದ ಪುಡಿ ಉಪ್ಪು ಹಾಕಿ ಅಲುಗಾಡಿಸಿ. ಹತ್ತು ಹದಿನೈದು ನಿಮಿಷ ಬಿಟ್ಟು ನೋಡಿ. ಉಪ್ಪು ಬಾಟಲಿಯ ಒಳಗೋಡೆಗೆ ಅಂಟಿದ್ದರೆ ತೇವ 15ಕ್ಕಿಂತ ಜಾಸ್ತಿ, ಇನ್ನೂ ಬಿಸಿಲು ಬೇಕು.

ಇನ್ನೊಂದು ಮಾತು. ಸರ್ವಿಸ್ ರಸ್ತೆಯಲ್ಲಿ ಒಣಹಾಕುವವರು ರಾಶಿ ಸುತ್ತ ಕಲ್ಲು ಇಟ್ಟು ಹಾಗೇ ಮನೆಗೆ ಹೋಗುತ್ತೀರಿ. ಕತ್ತಲಲ್ಲಿ ಬೈಕಿನವರಿಗೆ ಅದು ಕಾಣುವುದಿಲ್ಲ. ದಯವಿಟ್ಟು ತೆಗೆಯಿರಿ.

ಪ್ರಶ್ನೆ (ಹರಿಹರ): ಭದ್ರಾ ನಾಲೆ ಕೆಳಗಿನ ಭತ್ತ. ಕಟಾವು ಮಷಿನ್‌ನವರು ಬೆಳಿಗ್ಗೆ ಆರಕ್ಕೇ ಬರ್ತೀವಿ ಅಂತಾರೆ.

ಉತ್ತರ: ಹತ್ತರ ಮೇಲೆ ಬರಲು ಹೇಳಿ. ಹಸಿ ಹುಲ್ಲು ಮಷಿನ್‌ಗೆ ಸುತ್ತಿಕೊಳ್ಳುತ್ತದೆ, ಭತ್ತವೂ ತೇವದಲ್ಲೇ ಚೀಲ ಸೇರುತ್ತದೆ. ಬಾಡಿಗೆ ಗಂಟೆ ಲೆಕ್ಕ ಅಲ್ವಾ? ನಿಧಾನ ಆದಷ್ಟೂ ದುಡ್ಡು ನಿಮ್ಮದೇ.

ಪ್ರಶ್ನೆ (ಚನ್ನಗಿರಿ): ಬೇಯಿಸಿದ ಅಡಿಕೆಗೆ ಬಿಸಿಲು ಸಾಕಾಗುತ್ತಾ ಅಕ್ಕ?

ಉತ್ತರ: ಸಾಕು. ಗುರುವಾರ ಮಾತ್ರ ತೆಳುವಾಗಿ ಹರಡಿ, ಆಗಾಗ ಕೈಯಾಡಿಸಿ. ಬೂಷ್ಟು ಬರುವುದು ಒತ್ತಾಗಿ ಹರಡಿದಾಗ.

ಪ್ರಶ್ನೆ (ಹಿರಿಯೂರು): ತೊಗರಿ ಹೂವು, ಕಾಯಿ ಹಂತದಲ್ಲಿದೆ. ಮೋಡ ಅಂದರೆ ಹುಳದ ಭಯ. ಈಗಲೇ ಔಷಧಿ ಹೊಡೆಯಲಾ?

ಉತ್ತರ: ಒಂದು ದಿನದ ತೆಳು ಮೋಡಕ್ಕೆ ಹೊಡೆಯಬೇಡಿ, ಸುಮ್ನೆ ದುಡ್ಡು ದಂಡ. ಕಾಯಿಕೊರಕ ಜಾಸ್ತಿಯಾಗುವುದು ಮೋಡ ನಾಲ್ಕಾರು ದಿನ ಕವಿದಾಗ. ಗಿಡದ ಕೆಳಗೆ ಬಟ್ಟೆ ಹಾಸಿ, ಗಿಡ ಬಗ್ಗಿಸಿ ಅಲುಗಾಡಿಸಿ, ಬಿದ್ದ ಹುಳ ಎಣಿಸಿ. ಹೊಲದ ನಾಲ್ಕೈದು ಕಡೆ ಹೀಗೆ ನೋಡಿ ಆ ಲೆಕ್ಕ ಇಲ್ಲಿ ಹಾಕಿ, ಆಮೇಲೆ ಔಷಧಿ ಮಾತು. ಹಾಂ, ಹಿರಿಯೂರು, ಚಳ್ಳಕೆರೆ ಕಡೆಯವರು ಕೊಲ್ಲಿಯ ಸುದ್ದಿ ಮೇಲೆ ಒಂದು ಕಣ್ಣಿಡಿ. ತಮಿಳುನಾಡು ಕರಾವಳಿಯಲ್ಲಿ ಏನಾದರೂ ಎದ್ದರೆ ಅದರ ಮೋಡ ಸಾಮಾನ್ಯವಾಗಿ ದಾವಣಗೆರೆಗಿಂತ ಮೊದಲು ನಿಮ್ಮನ್ನು ಮುಟ್ಟುತ್ತದೆ.

ಪ್ರಶ್ನೆ (ಲಾರಿ ಚಾಲಕರು): ಬೆಳಗಿನ ಜಾವ ಹೈವೇಯಲ್ಲಿ ಮಂಜು ಇರುತ್ತಾ?

ಉತ್ತರ: ಎಲ್ಲ ಕಡೆ ಇಲ್ಲ. ಕೆರೆ, ನಾಲೆ, ಭತ್ತದ ಗದ್ದೆ ಪಕ್ಕದ ತಗ್ಗಿನಲ್ಲಿ ಐದರಿಂದ ಏಳೂವರೆವರೆಗೆ ತೇಪೆ ತೇಪೆಯಾಗಿ ಇರಬಹುದು. ಹೈಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ.

ಪ್ರಶ್ನೆ (ದಾವಣಗೆರೆ): ಮುಂದಿನ ವಾರದ ಕೊನೆಗೆ ಮನೆ ಮುಂದೆ ಮದುವೆ ಚಪ್ಪರ. ಈಗಲೇ ಹೇಳ್ತೀರಾ ಮೇಡಂ?

ಉತ್ತರ: ಇಲ್ಲ. ಐದು ದಿನದ ತನಕ ನಂಬಿಕೆಯಿಂದ ಹೇಳಬಹುದು, ಅದರಾಚೆ ದಿನ, ಗಂಟೆ ಸಮೇತ ಮಳೆ ತೋರಿಸುವ ಆ್ಯಪ್ ನಂಬಿ ಅಡ್ವಾನ್ಸ್ ಕೊಡಬೇಡಿ. ರೈತರಿಗೆ ಹವಾಮಾನ ಸಲಹೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ. ಮುಂದಿನ ವಾರ ಮಂಗಳವಾರದ್ದು ನೋಡಿ ಇಲ್ಲೇ ಹಾಕುತ್ತೇನೆ. ಶಾಮಿಯಾನದವರಿಗೆ ಅಲ್ಲಿಯವರೆಗೆ ಕಾಯಲು ಹೇಳಿ.