ಬರೆಯುವವರು ಸಮ್ಮೇಳನಕ್ಕೆ ಬರೀ ಓದುಗರಾಗಿ ಹೋಗಿಬರಲು ಸಾಧ್ಯವೇ?

ಪ್ರಶ್ನೆ: ಹೇಮಾವತಿ ದಂಡೆ, ಹಾಸನ

ನಾನು ಹಾಸನದಲ್ಲಿ ನೆಲೆಸಿರುವ ಕತೆಗಾರ್ತಿ. ಎರಡು ಕಥಾಸಂಕಲನಗಳೂ ಒಂದು ಕಾದಂಬರಿಯೂ ಬಂದಿವೆ. ಬರೆಯಲು ತೊಡಗುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದಲೂ ನಾನು ಓದುಗಾರ್ತಿ, ಈಗಲೂ ದಿನದಲ್ಲಿ ಬರೆಯುವುದಕ್ಕಿಂತ ಓದುವುದೇ ಹೆಚ್ಚು. ಕಳೆದ ಸಮ್ಮೇಳನದಲ್ಲಿ ನಡೆದ ಒಂದು ಸಂಗತಿ ಇನ್ನೂ ಮನಸ್ಸಿನಲ್ಲಿ ಕುಳಿತಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ.

2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಎರಡನೆಯ ದಿನ ಹೋಗಿದ್ದೆ. ನನ್ನನ್ನು ಯಾವ ಗೋಷ್ಠಿಗೂ ಕರೆದಿರಲಿಲ್ಲ, ಕರೆಯದಿದ್ದುದೇ ಒಳ್ಳೆಯದಾಯಿತು ಎಂದುಕೊಂಡೇ ಬಸ್ಸು ಹತ್ತಿದ್ದೆ. ನಾನು ಹದಿನಾರನೆಯ ವಯಸ್ಸಿನಿಂದ ಓದಿಕೊಂಡು ಬಂದಿರುವ ಹಿರಿಯ ಲೇಖಕಿಯೊಬ್ಬರು ಮಧ್ಯಾಹ್ನ ಒಂದು ಪುಸ್ತಕ ಮಳಿಗೆಯಲ್ಲಿ ಓದುಗರಿಗೆ ಹಸ್ತಾಕ್ಷರ ಹಾಕಿಕೊಡುತ್ತಾರೆಂದು ತಿಳಿದಿತ್ತು. ಚೀಲದಲ್ಲಿ ಅವರ ಕಾದಂಬರಿಯ ಹಳೆಯ ಪ್ರತಿ ಇತ್ತು. ಅದು ನನ್ನ ತಂದೆ ಕೊಂಡ ಪ್ರತಿ. ರಟ್ಟು ಕಿತ್ತುಹೋದಾಗ ಅಮ್ಮ ಗೋಣಿಚೀಲ ಹೊಲಿಯುವ ದಬ್ಬಣ ತೆಗೆದುಕೊಂಡು, ಹುರಿದಾರ ಪೋಣಿಸಿ, ಬೆನ್ನಿನ ಉದ್ದಕ್ಕೆ ಮೂರು ಕಡೆ ಹೊಲಿಗೆ ಹಾಕಿ ಕ್ಯಾಲೆಂಡರ್ ಹಾಳೆಯ ಹೊದಿಕೆ ಹೊದಿಸಿದ್ದಳು. ಆ ಕಾದಂಬರಿಯಲ್ಲಿ ಮಳೆಗಾಲದ ಒಂದು ರಾತ್ರಿ ಅತ್ತೆ ಸೊಸೆ ಇಬ್ಬರೂ ಒಂದೂ ಮಾತಾಡದೆ ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತ ಕೂರುವ ಪುಟವೊಂದಿದೆ. ಪಾತ್ರಗಳು ಸುಮ್ಮನಿದ್ದರೂ ಕತೆ ಮುಂದೆ ಸಾಗುತ್ತದೆ ಎಂಬುದನ್ನು ನಾನು ಕಲಿತದ್ದು ಅಲ್ಲಿ. ಅಷ್ಟನ್ನು ಅವರಿಗೆ ಹೇಳಿ, ಆ ಪುಟದಲ್ಲಿಯೇ ಹಸ್ತಾಕ್ಷರ ಹಾಕಿಸಿಕೊಳ್ಳಬೇಕೆಂಬುದು ನನ್ನ ಆಸೆಯಾಗಿತ್ತು.

ಸುಮಾರು ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತಿದ್ದೆ. ಮುಂದೆ ಆರೇಳು ಜನ ಉಳಿದಿದ್ದಾಗ ಪ್ರಕಾಶಕರ ಕಡೆಯವರೊಬ್ಬರು ನನ್ನನ್ನು ಗುರುತಿಸಿ, "ನೀವು ಸಾಲಿನಲ್ಲಿ ನಿಲ್ಲುವುದೇ?" ಎಂದು ಕೈಹಿಡಿದು ನೇರ ಮೇಜಿನ ಪಕ್ಕಕ್ಕೆ ಕರೆದುಕೊಂಡು ಹೋದರು. ನನ್ನ ಪುಸ್ತಕಗಳ ಹೆಸರು ಹೇಳಿ ಪರಿಚಯಿಸಿದರು. ಹಿರಿಯರು ಬಹಳ ಪ್ರೀತಿಯಿಂದ "ಈಗ ಏನು ಬರೆಯುತ್ತಿದ್ದೀರಿ?" ಎಂದು ಕೇಳಿದರು. ಅಲ್ಲಿಂದ ಮಾತು ನನ್ನ ಬರವಣಿಗೆಯ ಸುತ್ತಲೇ ತಿರುಗಿತು, ಇಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದರು, ಅಷ್ಟರಲ್ಲಿ ಮುಗಿದೇ ಹೋಯಿತು. ಪುಸ್ತಕ ಚೀಲದಿಂದ ಹೊರಗೆ ಬರಲೇ ಇಲ್ಲ. ತಿರುಗಿ ನೋಡಿದರೆ, ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಕಾಲೇಜು ಹುಡುಗಿ ಪುಸ್ತಕವನ್ನು ಎದೆಗೊತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಆ ನೋಟ ನೆನಪಾದಾಗಲೆಲ್ಲ ಸಂಕಟವಾಗುತ್ತದೆ.

ನನ್ನ ಪ್ರಶ್ನೆ ಇಷ್ಟು. ಪುಸ್ತಕ ಬರೆದವರು ಸಮ್ಮೇಳನಕ್ಕಾಗಲಿ ಪುಸ್ತಕೋತ್ಸವಕ್ಕಾಗಲಿ ಓದುಗರಾಗಿ ಮಾತ್ರ ಹೋಗಿಬರುವುದು ಸಾಧ್ಯವೇ? ಹೆಸರು ಹೇಳದೆ ಇರುವುದು ಮುಚ್ಚುಮರೆಯಾಗುತ್ತದೆಯೇ? ನನ್ನ ಪ್ರಕಾಶಕರ ಮಳಿಗೆಯೂ ಅಲ್ಲೇ ಇರುತ್ತದೆ, ಹೋಗದಿದ್ದರೆ ಅವರು ಬೇಸರಪಟ್ಟುಕೊಳ್ಳುತ್ತಾರೆ, ಹೋದರೆ ದಿನವಿಡೀ ಅಲ್ಲೇ ಕೂರಬೇಕಾಗುತ್ತದೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ: ಮಳಿಗೆಯ ಮೂಲೆಯಿಂದ, ಚಿಕ್ಕಮಗಳೂರು

ನಾನು ಹನ್ನೊಂದು ವರ್ಷದಿಂದ ಪ್ರಕಾಶನ ಸಂಸ್ಥೆಯೊಂದರ ಮಳಿಗೆಯಲ್ಲಿ ಕುಳಿತು ಪುಸ್ತಕ ಮಾರುತ್ತಿದ್ದೇನೆ. ನಿಮ್ಮನ್ನು ಸಾಲಿನಿಂದ ಹೊರಗೆಳೆದವರು ಗೌರವದಿಂದಲೇ ಹಾಗೆ ಮಾಡಿದ್ದಾರೆ. ಲೇಖಕರೊಬ್ಬರನ್ನು ಬಿಸಿಲಿನಲ್ಲಿ ನಿಲ್ಲಿಸಿದರೆ ನಮ್ಮ ಮೇಲೆಯೇ ಮಾತು ಬರುತ್ತದೆಂಬ ಅಳುಕು ನಮಗೆ ಯಾವಾಗಲೂ ಇರುತ್ತದೆ. ಆದ್ದರಿಂದ ನೀವೇ ಮುಂಚಿತವಾಗಿ ಬಾಯಿಬಿಟ್ಟು ಹೇಳಬೇಕು. "ನಾನು ಇಲ್ಲಿ ನಿಲ್ಲಬೇಕೆಂದೇ ಬಂದಿದ್ದೇನೆ, ದಯವಿಟ್ಟು ನನ್ನ ಸರದಿ ಬರಲಿ ಬಿಡಿ" ಎಂದು ಒಮ್ಮೆ ಹೇಳಿದರೆ ಯಾರೂ ಒತ್ತಾಯ ಮಾಡುವುದಿಲ್ಲ. ನೀವು ಸುಮ್ಮನೆ ಅವರ ಹಿಂದೆ ಹೋದಿರಿ, ಆ ಗಳಿಗೆಯಲ್ಲಿ ಯಾರಾದರೂ ಹಾಗೆಯೇ ಮಾಡುತ್ತಿದ್ದರು.

ನಿಮ್ಮ ಪ್ರಕಾಶಕರ ವಿಷಯ. ಅವರಿಗೆ ಒಂದು ವಾರ ಮೊದಲೇ ಫೋನ್ ಮಾಡಿ, ಇಂಥ ದಿನ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ ಬಂದು ಕೂರುತ್ತೇನೆ ಎಂದು ಗಂಟೆ ಗೊತ್ತುಮಾಡಿಬಿಡಿ. ಆ ಒಂದು ಗಂಟೆಯನ್ನು ಮನಸ್ಸಿಟ್ಟು ಕೊಡಿ. ಬಂದವರ ಹೆಸರು ಕೇಳಿ, ಅಕ್ಷರ ತಪ್ಪಿಲ್ಲದೆ ಬರೆದು ಹಸ್ತಾಕ್ಷರ ಹಾಕಿ. ಹನ್ನೆರಡಾದ ಮೇಲೆ ಎದ್ದು ಹೊರಟರೆ ಅವರಿಗೂ ಬೇಸರವಿರುವುದಿಲ್ಲ, ನಿಮಗೂ ಉಳಿದ ದಿನ ಸಿಗುತ್ತದೆ. ನಮಗೆ ತೊಂದರೆಯಾಗುವುದು ಗಂಟೆ ಹೇಳದೆ ಬಂದು, ಸಂಜೆಯವರೆಗೂ ಕುರ್ಚಿ ಹಿಡಿದು, ತಮ್ಮ ಪುಸ್ತಕವನ್ನೇ ಮುಂದಿನ ಸಾಲಿಗೆ ಎಳೆದು ಜೋಡಿಸುವವರಿಂದ.

ಮಳಿಗೆಗಳನ್ನು ನಿಧಾನವಾಗಿ ನೋಡಬೇಕೆಂದಿದ್ದರೆ ಮೊದಲ ದಿನ ಬೆಳಿಗ್ಗೆ ಬನ್ನಿ. ಭುವನೇಶ್ವರಿಯ ಭಾವಚಿತ್ರ, ಸಮ್ಮೇಳನಾಧ್ಯಕ್ಷರ ರಥ, ಕಲಾತಂಡಗಳು ಎಂದು ಊರೆಲ್ಲ ಮೆರವಣಿಗೆಯ ಹಿಂದೆ ಇರುವ ಹೊತ್ತು ಅದು. ನಾವು ಆಗಷ್ಟೇ ಕಟ್ಟು ಬಿಚ್ಚಿ ಜೋಡಿಸುತ್ತಿರುತ್ತೇವೆ. ಮಧ್ಯಾಹ್ನದ ಊಟದ ನಂತರ ಮಳಿಗೆಗಳ ನಡುವಿನ ದಾರಿಯಲ್ಲಿ ಭುಜಕ್ಕೆ ಭುಜ ತಾಗುತ್ತದೆ, ಆಗ ಬೆನ್ನುಡಿ ಓದಲೂ ಆಗುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಲೇಖಕರೆಂದು ಗೊತ್ತಾದ ತಕ್ಷಣ ಗೆಳೆಯರು ಗೌರವ ಪ್ರತಿ ಕೈಗಿಡುತ್ತಾರೆ. ಅದನ್ನು ನಯವಾಗಿ ಬೇಡವೆಂದು, ಹಣ ಕೊಟ್ಟು ಕೊಳ್ಳಿ. ಇನ್ನೂರು ರೂಪಾಯಿಯ ಪುಸ್ತಕಕ್ಕೆ ಶೇಕಡ 10ರ ಗೌರವಧನವೆಂದರೆ ಲೇಖಕರಿಗೆ ಬರುವುದು ಇಪ್ಪತ್ತು ರೂಪಾಯಿ, ಗೌರವ ಪ್ರತಿಗೆ ಅದೂ ಇಲ್ಲ. ಕನ್ನಡದಲ್ಲಿ ಮೊದಲ ಮುದ್ರಣ ಎಷ್ಟೋ ಸಲ ಐನೂರು ಪ್ರತಿಗಳಿಗೇ ನಿಲ್ಲುವಾಗ, ಗ್ರಂಥಾಲಯಗಳ ಸಗಟು ಖರೀದಿಯ ಪಟ್ಟಿಯ ಹೊರಗೆ ಒಬ್ಬ ಓದುಗ ತಾನಾಗಿ ಕೊಂಡ ಪ್ರತಿ ಎಷ್ಟು ದೊಡ್ಡದು ಎಂಬುದು ಬರೆಯುವ ನಿಮಗೆ ಗೊತ್ತಿರುತ್ತದೆ.

ಉತ್ತರ: ನಿವೃತ್ತ ಕನ್ನಡ ಮೇಷ್ಟ್ರು, ಅರಸೀಕೆರೆ

1996ರಲ್ಲಿ ಚೆನ್ನವೀರ ಕಣವಿಯವರ ಅಧ್ಯಕ್ಷತೆಯಲ್ಲಿ ಹಾಸನದಲ್ಲಿಯೇ ಸಮ್ಮೇಳನ ನಡೆದಾಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. 2015ರಲ್ಲಿ ಶ್ರವಣಬೆಳಗೊಳದಲ್ಲಿ ಸಿದ್ಧಲಿಂಗಯ್ಯನವರು ಅಧ್ಯಕ್ಷರಾಗಿದ್ದ 81ನೇ ಸಮ್ಮೇಳನಕ್ಕೆ ಅನ್ಯಕಾರ್ಯ ನಿಮಿತ್ತ ರಜೆ ಹಾಕಿ, ಪ್ರತಿನಿಧಿ ಶುಲ್ಕ ಕಟ್ಟಿ, ಎಲ್ಲ ದಿನವೂ ಇದ್ದೆ. ಎರಡರಲ್ಲಿಯೂ ನಾನು ಗಮನಿಸಿದ್ದೆಂದರೆ, ವೇದಿಕೆಯ ಮೇಲೆ ಮಾತಾಡಿದವರಲ್ಲಿ ಬಹಳ ಮಂದಿ ತಮ್ಮ ಗೋಷ್ಠಿ ಮುಗಿದೊಡನೆ ಕಾರು ಹತ್ತುತ್ತಿದ್ದರು. ಉಳಿದು ಕೇಳಿಸಿಕೊಳ್ಳುತ್ತಿದ್ದವರು ಬೆರಳೆಣಿಕೆಯಷ್ಟು. ಶ್ರವಣಬೆಳಗೊಳದಲ್ಲಿ ಒಂದು ಸಂಜೆ ಕವಿಗೋಷ್ಠಿ ನಡೆಯುತ್ತಿದ್ದಾಗ, ನಾನು ತರಗತಿಯಲ್ಲಿ ಪಾಠ ಮಾಡಿದ್ದ ಕತೆಯ ಲೇಖಕರು ಹಿಂದಿನ ಸಾಲುಗಳಲ್ಲಿ ಟವೆಲ್ ಹಾಸಿಕೊಂಡು ನೆಲದ ಮೇಲೆ ಕುಳಿತು, ಆಗಷ್ಟೇ ಬರೆಯಲು ಶುರುಮಾಡಿದ್ದ ಒಬ್ಬ ಹುಡುಗನ ಕವಿತೆಗೆ ಕಿವಿಗೊಟ್ಟಿದ್ದರು. ಹುಡುಗ ಓದಿ ಮುಗಿಸಿದ ಮೇಲೆ ಜೇಬಿನಿಂದ ಚೀಟಿ ತೆಗೆದು ಒಂದು ಸಾಲು ಬರೆದುಕೊಂಡರು. ಆಗ ನನಗೆ ಅವರ ಕತೆಗಳ ಮೇಲಿದ್ದ ಗೌರವ ಇನ್ನೂ ಒಂದು ಪಟ್ಟು ಹೆಚ್ಚಿತು.

ಆದ್ದರಿಂದ ಮೇಲಿನ ಉತ್ತರದ ಒಂದು ಅಂಶವನ್ನು ಒಪ್ಪಿಕೊಂಡು, ಒಂದನ್ನು ಸೇರಿಸುತ್ತೇನೆ. ಸಾಲಿನಲ್ಲಿ ನಿಲ್ಲಿ, ಆದರೆ ಹೆಸರು ಮುಚ್ಚಿಡುವ ಅಗತ್ಯವೇನೂ ಇಲ್ಲ. ಹಿಂದೆ ನಿಂತ ಹುಡುಗಿ "ನೀವು ಇಂಥವರಲ್ಲವೇ?" ಎಂದು ಕೇಳಿದರೆ ಹೌದೆನ್ನಿ. ಪುಸ್ತಕ ಬರೆದವರೂ ಬೇರೊಬ್ಬರ ಪುಸ್ತಕ ಹಿಡಿದುಕೊಂಡು ಮುಕ್ಕಾಲು ಗಂಟೆ ಕಾಯುತ್ತಾರೆ ಎಂಬುದನ್ನು ಅವಳು ಕಣ್ಣಾರೆ ನೋಡುವುದು ನಾನು ಮೂವತ್ತು ವರ್ಷ ಮಾಡಿದ ಪಾಠಕ್ಕಿಂತ ಹೆಚ್ಚಿನದು. ನಿಮ್ಮನ್ನು ಮೇಜಿನ ಪಕ್ಕಕ್ಕೆ ಕರೆದುಕೊಂಡು ಹೋದದ್ದರಿಂದ ನಷ್ಟವಾದದ್ದು ನಿಮಗೆ ಮಾತ್ರವಲ್ಲ, ಅವಳಿಗೂ ಆಯಿತು. ಇದನ್ನು ನೋಯಿಸಲೆಂದು ಹೇಳುತ್ತಿಲ್ಲ. ಆ ನೋಟ ನಿಮಗೆ ನೆನಪಿದೆ ಎಂಬುದೇ ನನಗೆ ಸಮಾಧಾನ ತಂದಿತು.

ಉತ್ತರ: ಕಾಫಿ ಸೀಮೆಯ ಓದುಗ, ಮೂಡಿಗೆರೆ

ನಾನು ಓದುಗ ಮಾತ್ರ. ನಮ್ಮೂರಿನವರಿಗೆ ಲೇಖಕರನ್ನು ಸಂತೆಯಲ್ಲಿಯೋ ಸ್ಕೂಟರಿನ ಮೇಲೆಯೋ ನೋಡುವ ಅಭ್ಯಾಸ ಮೊದಲಿನಿಂದಲೂ ಇತ್ತು, ಏಕೆಂದರೆ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ತೋಟ ಮಾಡಿಕೊಂಡಿದ್ದವರು. ಕೊಟ್ಟಿಗೆಹಾರದಲ್ಲಿರುವ ಅವರ ಹೆಸರಿನ ಪ್ರತಿಷ್ಠಾನಕ್ಕೆ ಇಂದಿಗೂ ದೂರದ ಊರುಗಳಿಂದ ಓದುಗರು ಬರುತ್ತಾರೆ. ಅವರಲ್ಲಿ ಬರೆಯುವವರೂ ಇರುತ್ತಾರೆ, ಆದರೆ ಅಲ್ಲಿನ ಚಿತ್ರಗಳ ಮುಂದೆ ನಿಂತಾಗ ಯಾರು ಬರೆಯುವವರು, ಯಾರು ಓದುವವರು ಎಂದು ಹೇಳಲಾಗುವುದಿಲ್ಲ.

ಅಭಿಮಾನಿಗೆ ಸಿಗುವುದು ಅರ್ಧ ನಿಮಿಷ. ಅದರಲ್ಲಿ ಏನು ಹೇಳಬೇಕೆಂಬುದು ನಿಮಗೆ ಆಗಲೇ ಗೊತ್ತಿದೆ, ಆ ಹಲಸಿನ ಬೀಜದ ಪುಟ. "ನಿಮ್ಮ ಬರವಣಿಗೆ ಬಹಳ ಇಷ್ಟ" ಎಂಬ ಮಾತನ್ನು ಅವರು ಒಂದೇ ಮಧ್ಯಾಹ್ನ ನೂರು ಸಲ ಕೇಳಿರುತ್ತಾರೆ. ಪುಟವನ್ನು ಮೊದಲೇ ತೆರೆದು, ಬೆರಳಿಟ್ಟುಕೊಂಡು ಹೋಗಿ. ಅವರು "ಈಗ ಏನು ಬರೆಯುತ್ತಿದ್ದೀರಿ?" ಎಂದು ಕೇಳಿದರೂ, "ಅದಿರಲಿ ಅಮ್ಮ, ಮೊದಲು ಈ ಪುಟ ನೋಡಿ" ಎಂದರೆ ತಪ್ಪಾಗುವುದಿಲ್ಲ.

ಇಲ್ಲಿ ಇನ್ನೊಂದು ವಿಷಯವನ್ನು ಬಿಚ್ಚಿ ಹೇಳಬೇಕೆನಿಸುತ್ತದೆ. ನಿಮ್ಮಂಥವರು ಸಾಲಿನಲ್ಲಿದ್ದಾರೆಂದು ಗೊತ್ತಾದೊಡನೆ ನಮ್ಮಲ್ಲಿ ಕೆಲವರು ಹಸ್ತಪ್ರತಿ ಹಿಡಿದು ಮುನ್ನುಡಿ ಬರೆದುಕೊಡಿ ಎಂದು ದುಂಬಾಲು ಬೀಳುತ್ತಾರೆ. ನಾನೂ ಒಮ್ಮೆ ಸ್ನೇಹಿತನ ಕವಿತೆಗಳ ಕಟ್ಟನ್ನು ಒಬ್ಬ ಕವಿಯ ಕೈಗೆ ತುರುಕಿದ್ದೆ. ಅವರು ಆ ಹೊತ್ತಿಗೆ ಯಾವುದೋ ಹೊಸ ಪುಸ್ತಕದ ಮೊದಲ ಪುಟವನ್ನು ನಿಂತಲ್ಲೇ ಓದುತ್ತಿದ್ದರು, ನನ್ನ ಕಟ್ಟಿಗಾಗಿ ಅದನ್ನು ಮುಚ್ಚಿ ಕೆಳಗಿಡಬೇಕಾಯಿತು. ಅವರು ಏನೂ ಅನ್ನಲಿಲ್ಲ, ಆದರೂ ಮಾಡಿದ್ದು ತಪ್ಪು. ಓದುತ್ತಿರುವವರ ಕೈಯಿಂದ ಪುಸ್ತಕ ಬಿಡಿಸಬಾರದು, ಅವರು ಯಾರೇ ಆಗಿರಲಿ.

ಅನುವಾದಕರೂ ಮಳಿಗೆಗಳಲ್ಲಿ ಇರುತ್ತಾರೆ, ಅವರ ಬಳಿ ಸಾಲೇ ಇರುವುದಿಲ್ಲ. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ 50 ಸಾವಿರ ಪೌಂಡಿನ ಆ ಬಹುಮಾನ ಅವರಿಗೂ ಅನುವಾದಕಿ ದೀಪಾ ಭಸ್ತಿ ಅವರಿಗೂ ಸಮನಾಗಿ ಹಂಚಿಕೆಯಾಯಿತು. ಹಸ್ತಾಕ್ಷರ ಕೇಳುವಾಗ ಮಾತ್ರ ನಾವು ಒಬ್ಬರ ಬಳಿಗೇ ಹೋಗುತ್ತೇವೆ. ನೀವು ಬರೆಯುವವರಾಗಿ ಅನುವಾದಕರ ಮುಂದೆ ಪುಸ್ತಕ ಹಿಡಿದರೆ ಉಳಿದವರಿಗೂ ಅದು ಹೊಳೆಯುತ್ತದೆ.

ಪ್ರಶ್ನೆ ಕೇಳಿದವರಿಂದ: ಹೇಮಾವತಿ ದಂಡೆ, ಹಾಸನ

ಮೂವರಿಗೂ ಮನಸ್ಸು ತುಂಬಿದ ಧನ್ಯವಾದಗಳು. ಮೇಷ್ಟರು ಹೇಳಿದ್ದು ನಾಟಿತು. ಆ ಹುಡುಗಿಯ ನೋಟದಲ್ಲಿ ಅಸಮಾಧಾನವಿತ್ತು ಎಂದೇ ಇಷ್ಟು ದಿನ ತಿಳಿದಿದ್ದೆ. ಅವಳಿಗೆ ನನ್ನೊಡನೆ ಮಾತಾಡುವುದಿತ್ತೇನೋ ಎಂಬುದು ನನಗೆ ಹೊಳೆದಿರಲಿಲ್ಲ.

ನಿನ್ನೆ ರಾತ್ರಿ ಹಿರಿಯ ಲೇಖಕಿಗೆ ಪತ್ರ ಬರೆದೆ. ನನ್ನ ಪುಸ್ತಕಗಳ ಸುದ್ದಿ ಅದರಲ್ಲಿ ಒಂದು ಸಾಲೂ ಇಲ್ಲ. ಆ ಪುಟದಲ್ಲಿ ಸೊಸೆ ಬಿಡಿಸಿದ ಬೀಜಗಳನ್ನು ತನ್ನ ಮಡಿಲಿಗೆ ಹಾಕಿಕೊಳ್ಳದೆ ಅತ್ತೆಯ ಮೊರಕ್ಕೆ ಹಾಕುತ್ತಾಳೆ, ಅದನ್ನು ಅವರು ಬರೆಯುವಾಗಲೇ ಯೋಚಿಸಿದ್ದೋ ಅಥವಾ ತಾನಾಗಿ ಬಂದದ್ದೋ ಎಂದು ಕೇಳಿದ್ದೇನೆ. ಪ್ರಕಾಶಕರಿಗೂ ಫೋನ್ ಮಾಡಿ ಮುಂದಿನ ಪುಸ್ತಕೋತ್ಸವದಲ್ಲಿ ಹನ್ನೊಂದರಿಂದ ಹನ್ನೆರಡರವರೆಗೆ ಮಾತ್ರ ಮಳಿಗೆಯಲ್ಲಿರುತ್ತೇನೆ ಎಂದು ಹೇಳಿದೆ. ಅವರು ಸಂತೋಷದಿಂದಲೇ ಒಪ್ಪಿಕೊಂಡರು.

ಹಳೆಯ ಪ್ರತಿಯನ್ನು ಇವತ್ತು ಹೊರಗೆ ತೆಗೆದು ನೋಡಿದೆ. ಅಮ್ಮ ಹಾಕಿದ ಮೂರು ಹೊಲಿಗೆಗಳಲ್ಲಿ ನಡುವಿನದು ಸಡಿಲವಾಗಿದೆ. ಹೊಸ ಬೈಂಡಿಂಗ್ ಹಾಕಿಸಲು ಮನಸ್ಸಿಲ್ಲದ್ದರಿಂದ, ಅದೇ ತೂತುಗಳಲ್ಲಿ ಮತ್ತೆ ದಾರ ಎಳೆಯಲೆಂದು ಮಹಾವೀರ ವೃತ್ತದ ಬಳಿಯ ಅಂಗಡಿಯಿಂದ ಹುರಿದಾರ ತಂದಿಟ್ಟುಕೊಂಡಿದ್ದೇನೆ.