ಸಂಬಳದ ಕಾರ್ಡ್ ಅತ್ತೆಯ ಕಪಾಟಿನಲ್ಲಿ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಬಂಟ್ವಾಳ ಕಡೆಯ ಓದುಗಿಯೊಬ್ಬರು ತಮ್ಮ ಕಷ್ಟ ತೋಡಿಕೊಂಡಿದ್ದರು. ಅವರು ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಗಂಡ ಸೌದಿಯಲ್ಲಿ ಕೆಲಸ ಹೋಗಿ ಊರಿಗೆ ಮರಳಿದ್ದಾರೆ, ಈಗ ತಮ್ಮನ ಅಂಗಡಿಯಲ್ಲಿ ಕೂರುತ್ತಾರೆ. ಇವರ ಎಟಿಎಂ ಕಾರ್ಡ್ ಅತ್ತೆಯ ಕಪಾಟಿನಲ್ಲಿದೆ. ಬಸ್ಸಿನ ಟಿಕೆಟ್ಟಿಗೂ ಕೈಚಾಚಬೇಕು. ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಮಹರ್ ಆಗಿ ಬಂದ ಐದು ಪವನ್ ಬಂಗಾರ ಮೈದುನನ ಅಂಗಡಿಗೆಂದು ಬ್ಯಾಂಕಿನಲ್ಲಿ ಅಡವಿದೆ. ಕೇಳಿದರೆ ಮನೆಯವರು, "ಗಂಡನ ಮಾತು ಮೀರಿದವಳು ನಾಳೆ ಅಲ್ಲಾಹನಿಗೆ ಉತ್ತರ ಕೊಡಬೇಕು" ಎನ್ನುತ್ತಾರಂತೆ. "ನನ್ನ ಸಂಬಳ ನಾನೇ ಇಟ್ಟುಕೊಂಡರೆ ಪಾಪವಾ? ಸುಮ್ನೆ ಕೆಲಸ ಬಿಟ್ಟುಬಿಡಲಾ?" ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ತಂಗಿ, ಮೊದಲು ನಿಮ್ಮ ಪ್ರಶ್ನೆಗೆ ನೇರ ಉತ್ತರ: ಪಾಪವಲ್ಲ.

ನಾನು ಹೆಣ್ಣುಮಕ್ಕಳಿಗೆ ಮದ್ರಸದಲ್ಲಿ ಪಾಠ ಹೇಳುವವಳು. ಕುರ್‌ಆನಿನ ನಾಲ್ಕನೇ ಅಧ್ಯಾಯದ 34ನೇ ವಚನವನ್ನು ನಮ್ಮ ಗಂಡಸರು ಬಾಯಿಪಾಠ ಮಾಡಿರುತ್ತಾರೆ, ಆದರೆ ಅರ್ಧಕ್ಕೆ ನಿಲ್ಲಿಸುತ್ತಾರೆ. ಗಂಡಸಿಗೆ ಮನೆಯ ಹೊಣೆ ಯಾಕೆ ಅಂತ ಅದೇ ವಚನ ಹೇಳುತ್ತದೆ: ಅವರು ತಮ್ಮ ಸೊತ್ತಿನಿಂದ ಖರ್ಚು ಮಾಡುತ್ತಾರೆ ಅನ್ನುವುದೂ ಅದಕ್ಕೊಂದು ಕಾರಣ. ಊಟ, ಬಟ್ಟೆ, ಸೂರು ಗಂಡನ ಮೇಲಿನ ಹೊಣೆ. ಹೆಂಡತಿ ಸಂಬಳ ತಂದರೂ ಅದು ಇಳಿಯುವುದಿಲ್ಲ. ಎರಡು ವಚನ ಹಿಂದಕ್ಕೆ ಹೋದರೆ, ಗಂಡಸು ಗಳಿಸಿದ್ದು ಗಂಡಸಿಗೆ, ಹೆಂಗಸು ಗಳಿಸಿದ್ದು ಹೆಂಗಸಿಗೆ ಅಂತಲೂ ಇದೆ. ಅದನ್ನು ಯಾರೂ ಓದಿ ಹೇಳುವುದಿಲ್ಲ ಅಲ್ವಾ?

ಪ್ರವಾದಿಯವರ ಕಾಲದ ಝೈನಬ್ ಅವರ ಕಥೆ ನಿಮಗೆ ಗೊತ್ತಿರಬಹುದು. ಗಂಡ ಅಬ್ದುಲ್ಲಾ ಇಬ್ನ್ ಮಸ್‌ಊದ್ ದೊಡ್ಡ ವಿದ್ವಾಂಸರು, ಕೈಯಲ್ಲಿ ಮಾತ್ರ ಕಾಸಿಲ್ಲ. ಹಣವಿದ್ದದ್ದು ಝೈನಬ್ ಬಳಿ. ಗಂಡನಿಗೂ ತಾನು ಸಾಕುತ್ತಿದ್ದ ಅನಾಥ ಮಕ್ಕಳಿಗೂ ಖರ್ಚು ಮಾಡಿದರೆ ದಾನವೆಂದು ಸಲ್ಲುತ್ತದಾ ಅಂತ ಕೇಳಲು ಪ್ರವಾದಿಯವರ ಮನೆ ಬಾಗಿಲಿಗೆ ಬಂದರು. ನೋಡಿದರೆ ಇನ್ನೊಬ್ಬ ಹೆಂಗಸು ಇದೇ ಪ್ರಶ್ನೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾಳೆ! ಒಳಗಿಂದ ಬಂದ ಪ್ರವಾದಿಯವರ ಸಂಗಾತಿ ಬಿಲಾಲರಿಗೆ ಹೇಳಿ ಕೇಳಿಸಿದರು, ನಾವು ಯಾರು ಅಂತ ಹೇಳಬೇಡಿ ಅಂತಲೂ ಅಂದರು. ಉತ್ತರ ಬಂತು: ಸಲ್ಲುತ್ತದೆ, ಎರಡು ಪ್ರತಿಫಲ ಉಂಟು, ಸಂಬಂಧಕ್ಕೆ ಒಂದು, ದಾನಕ್ಕೆ ಒಂದು. ಯೋಚಿಸಿ ನೋಡಿ. ಹೆಂಡತಿಯ ಹಣ ಗಂಡನದೇ ಆಗಿದ್ದರೆ ಅವಳು ಕೊಟ್ಟದ್ದು ದಾನ ಹೇಗಾಗುತ್ತಿತ್ತು?

ಹಾಗಾಗಿ ನೀವು ಮನೆಗೆ ಕೊಟ್ಟರೆ ಪುಣ್ಯ, ಕೊಡದಿದ್ದರೆ ಪಾಪವಿಲ್ಲ. ಕಿತ್ತುಕೊಂಡರೆ ಪಾಪ ಕಿತ್ತುಕೊಂಡವರಿಗೆ. ಮಹರಿನ ಮಾತು ಇನ್ನೂ ಖಡಕ್ಕು. ಅದು ನಿಮ್ಮದು. ನೀವಾಗಿಯೇ ಮನಸ್ಸಾರೆ ಅದರಲ್ಲಿ ಏನಾದರೂ ಬಿಟ್ಟುಕೊಟ್ಟರೆ ಮಾತ್ರ ಗಂಡ ಅದನ್ನು ಅನುಭವಿಸಬಹುದು ಅಂತ ಅದೇ ಅಧ್ಯಾಯದ 4ನೇ ವಚನ ಹೇಳುತ್ತದೆ. ನಾಲ್ಕು ಜನರ ಎದುರು "ಕೊಡ್ತೀಯಲ್ಲಾ?" ಅಂತ ಕೇಳಿ, ತಲೆ ಅಲ್ಲಾಡಿಸಿಕೊಂಡದ್ದು ಮನಸ್ಸಾರೆ ಕೊಟ್ಟದ್ದಲ್ಲ.

ಹೆಂಡತಿಗೂ ಹೊಣೆ ಇದೆ, ಇಲ್ಲ ಅನ್ನುವುದಿಲ್ಲ. ಗಂಡನ ಬೆನ್ನ ಹಿಂದೆ ಅವನ ಮಾನ, ಸೊತ್ತು, ಗುಟ್ಟು ಕಾಯಬೇಕು. ಒಳ್ಳೆಯ ಮಾತಿಗೆ ಬೆಲೆ ಕೊಡಬೇಕು. ನಿಮ್ಮ ಪತ್ರದಲ್ಲಿ ಇದರಲ್ಲೊಂದಕ್ಕೂ ನೀವು ತಪ್ಪಿದ್ದು ನನಗೆ ಕಾಣಲಿಲ್ಲ.

– ಮದ್ರಸ ಶಿಕ್ಷಕಿ, ಉಳ್ಳಾಲ

*

ನನ್ನ ಹೆಂಡತಿಯೂ ಕೆಲಸಕ್ಕೆ ಹೋಗುತ್ತಾಳೆ, ಪ್ರೈಮರಿ ಶಾಲೆ ಟೀಚರ್. ನಮ್ಮಲ್ಲಿ ಬಾಡಿಗೆ, ರೇಷನ್, ಕರೆಂಟು, ಮಕ್ಕಳ ಫೀಸು ನನ್ನದು. ಹಾಲು ಮತ್ತು ಮಗಳ ಟ್ಯೂಷನ್ ಅವಳೇ ಹಿಡಿದುಕೊಂಡಳು, ನಾನು ಕೇಳಿದ್ದಲ್ಲ. ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ಒಂದು ನೋಟ್‌ಬುಕ್ ನೇತುಹಾಕಿದ್ದೇವೆ. ಕೈ ಕಟ್ಟಿದ ತಿಂಗಳು ಅವಳ ಹತ್ತಿರ ಸಾಲ ತೆಗೆದುಕೊಂಡರೆ ಅದರಲ್ಲಿ ಬರೆಯುತ್ತೇನೆ, ತೀರಿಸಿದ ಮೇಲೆ ಅವಳೇ ಹೊಡೆದುಹಾಕುತ್ತಾಳೆ. ಗಂಡ ಹೆಂಡತಿ ನಡುವೆ ಎಂಥ ಲೆಕ್ಕ ಅಂತ ನಗುವವರಿದ್ದಾರೆ. ನಗಲಿ. ಸಾಲ ಕೊಟ್ಟು ತಗೊಂಡರೆ ಬರೆದಿಡಿ ಅಂತ ಕುರ್‌ಆನೇ ಹೇಳಿದೆ.

ಇನ್ನೊಂದು. ನಮ್ಮಮ್ಮಿಯನ್ನು ನೋಡಿಕೊಳ್ಳುವುದು ಮಗನಾಗಿ ನನ್ನ ಫರ್ಜ್, ಅಂದರೆ ಕರ್ತವ್ಯ. ನನ್ನ ಹೆಂಡತಿ ಅವರಿಗೆ ಗಂಜಿ ಮಾಡಿಕೊಟ್ಟರೆ ಅದು ಅವಳ ದೊಡ್ಡತನ. ಆ ಎರಡನ್ನೂ ಕಲಸಿದಲ್ಲೇ ಅರ್ಧ ಜಗಳ ಹುಟ್ಟುತ್ತದೆ.

– ಆಟೊಮೊಬೈಲ್ ಬಿಡಿಭಾಗಗಳ ವ್ಯಾಪಾರಿ, ಶಿವಮೊಗ್ಗ

*

ವಕೀಲೆಯಾಗಿ ಕೆಲವು ಮಾತು. ಧರ್ಮದ ವಿಷಯ ಬೇರೆಯವರು ಬರೆದಿರುತ್ತಾರೆ.

ಖಾತೆ ನಿಮ್ಮ ಹೆಸರಿನಲ್ಲಿದ್ದರೆ ಕಾರ್ಡ್ ನಿಮ್ಮದು. ವಾಪಸ್ ಕೊಡದಿದ್ದರೆ ಬ್ಯಾಂಕಿಗೆ ಹೋಗಿ ಆ ಕಾರ್ಡ್ ಬ್ಲಾಕ್ ಮಾಡಿಸಿ, ಹೊಸದು ತೆಗೆದುಕೊಳ್ಳಿ, ಪಿನ್ ಯಾರಿಗೂ ಹೇಳಬೇಡಿ. ಮೊಬೈಲ್ ನಂಬರ್ ನಿಮ್ಮದೇ ಇದೆಯಾ ನೋಡಿಕೊಳ್ಳಿ. ಜಾಸ್ತಿ ಜನ ಇಲ್ಲೇ ಎಡವುತ್ತಾರೆ, ಓಟಿಪಿ ಗಂಡನ ಫೋನಿಗೆ ಹೋಗುತ್ತಿರುತ್ತದೆ.

ಬಂಗಾರದ ಅಡವಿನ ಚೀಟಿ ಯಾರ ಹೆಸರಿನಲ್ಲಿದೆ? ಬಡ್ಡಿ ಕಟ್ಟುತ್ತಿದ್ದಾರಾ? ಗಡುವು ಎಂದು? ಇವಿಷ್ಟನ್ನು ಈ ವಾರವೇ ತಿಳಿದುಕೊಳ್ಳಿ. ಗಡುವು ಮೀರಿದರೆ ನೋಟಿಸ್ ಬಂದು ಹರಾಜಾಗುತ್ತದೆ, ಆಮೇಲೆ ಮಸೀದಿಯ ಜಮಾಅತ್ ಸಭೆ ಸೇರಿದರೂ ಅದೇ ಬಂಗಾರ ಬರುವುದಿಲ್ಲ. ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಮಹರ್ ಎಷ್ಟು ಅಂತ ಬರೆದಿರುವ ನಿಕಾಹ್ ದಾಖಲೆಯ ನಕಲು ಮಸೀದಿಯಿಂದ ತನ್ನಿ.

ಕಾನೂನು ನಿಮ್ಮ ಕಡೆ ಇದೆ. 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯಲ್ಲಿ ಹೆಂಡತಿಯ ಆಸ್ತಿ ಮಾರಿಹಾಕುವುದನ್ನೂ, ಅದರ ಮೇಲಿನ ಅವಳ ಹಕ್ಕಿಗೆ ಅಡ್ಡ ಬರುವುದನ್ನೂ ಕ್ರೌರ್ಯದ ಪಟ್ಟಿಗೆ ಸೇರಿಸಿದ್ದಾರೆ. ಗಂಡ ಎರಡು ವರ್ಷ ಜೀವನಾಂಶ ಕೊಡದಿದ್ದರೆ ಅದೂ ವಿಚ್ಛೇದನ ಕೇಳಲು ಒಂದು ಕಾರಣ. ವಿಚ್ಛೇದನ ಪಡೆಯಿರಿ ಅಂತ ಹೇಳುತ್ತಿಲ್ಲ, ಮನೆಯಲ್ಲಿ ಮಾತಿಗೆ ಕೂರುವಾಗ ಗೊತ್ತಿರಲಿ ಅಂತ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೊಡೆತಕ್ಕೆ ಮಾತ್ರ ಅಂತ ತುಂಬ ಜನ ತಿಳಿದಿದ್ದಾರೆ. ಸಂಬಳ ಕಿತ್ತುಕೊಳ್ಳುವುದು, ಒಡವೆ ಹಿಡಿದಿಟ್ಟುಕೊಳ್ಳುವಂಥ ಆರ್ಥಿಕ ಹಿಂಸೆಯೂ ಅದರಲ್ಲಿ ಬರುತ್ತದೆ, ಯಾವ ಧರ್ಮದವರಾದರೂ ಸರಿ. ಗಂಡನ ಮನೆಯಲ್ಲಿ ವಾಸ ಮಾಡುವ ಹಕ್ಕನ್ನೂ ಅದೇ ಕಾಯ್ದೆ ಕೊಡುತ್ತದೆ. "ಹೊರಗೆ ನಡಿ" ಎಂಬ ಮಾತಿಗೆ ಹೆದರಬೇಕಾಗಿಲ್ಲ. ಹೆಂಗಸರಿಗೆ ಕಾನೂನು ನೆರವು ಉಚಿತ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

– ವಕೀಲೆ, ಹುಬ್ಬಳ್ಳಿ

*

ಮಗಳೇ, ಕೋರ್ಟು ಕಚೇರಿ ಆಮೇಲೆ ಇದ್ದೇ ಇದೆ. ನಾನು 20 ವರ್ಷಕ್ಕೂ ಹೆಚ್ಚು ದುಬೈಯಲ್ಲಿ ಇದ್ದವನು. ಗಲ್ಫಿನಿಂದ ಖಾಲಿ ಕೈಯಲ್ಲಿ ಬಂದ ಗಂಡಸಿನ ಮನಸ್ಸು ನಿಮಗೆ ಗೊತ್ತಿಲ್ಲ. ಮೊದಲೆಲ್ಲ ರಜೆಗೆ ಬಂದಾಗ ಪೆಟ್ಟಿಗೆ ಬಿಚ್ಚುವ ಮೊದಲೇ ಮನೆ ತುಂಬ ಜನ. ಈಗ ಪೇಟೆಗೆ ಹೋದರೆ "ವಾಪಸ್ ಯಾವಾಗ?" ಎಂಬ ಒಂದೇ ಪ್ರಶ್ನೆ. ಅವರಿಗೆ ನಿಮ್ಮ ಹಣದ ಮೇಲೆ ಹಕ್ಕಿಲ್ಲ, ಒಪ್ಪಿದೆ. ಆದರೆ ಅದನ್ನು ಮಕ್ಕಳ ಎದುರು, ತಮ್ಮನ ಎದುರು ಹೇಳಬೇಡಿ. ಇಬ್ಬರೇ ಇರುವಾಗ ಹೇಳಿ.

ಕೇಳದಿದ್ದರೆ ಅವರ ಕಡೆಯಿಂದ ಒಬ್ಬರು, ನಿಮ್ಮ ಕಡೆಯಿಂದ ಒಬ್ಬರು ಹಿರಿಯರು ಕೂರಲಿ. ಇದು ಕುರ್‌ಆನೇ ತೋರಿಸಿದ ದಾರಿ. ಬಾಯಿ ದೊಡ್ಡದಿರುವ ಮಾವಂದಿರು ಬೇಡ, ಹೊರಗೆ ಹೋಗಿ ಆಡಿಕೊಳ್ಳದವರನ್ನು ಆರಿಸಿ. ಮೈದುನ ಅಂಗಡಿಯ ಲಾಭದಲ್ಲಿ ತಿಂಗಳಿಗೆ ಇಷ್ಟು ಅಂತ ಕಟ್ಟಿ ಬಂಗಾರ ಬಿಡಿಸಿಕೊಡಬೇಕು ಎಂದು ಅಲ್ಲೇ ಬರೆಸಿಕೊಳ್ಳಿ.

– ನಿವೃತ್ತ, ಭಟ್ಕಳ

*

ಅಕ್ಕಾ, ಏನೇ ಆದರೂ ಕೆಲಸ ಬಿಡಬೇಡಿ. ಬಿಟ್ಟರೆ ಜಗಳ ನಿಲ್ಲುವುದಿಲ್ಲ, ಬಸ್ ಕಾಸು ಮಾತ್ರ ನಿಲ್ಲುತ್ತದೆ. ಮದುವೆಗೆ ಮುಂಚೆ ನೀವು ಕೆಲಸದಲ್ಲಿದ್ದದ್ದು ಗೊತ್ತಿದ್ದೇ ಒಪ್ಪಿದ್ದಲ್ವಾ ಅವರು? ಎಲ್ಲಕ್ಕಿಂತ ಮೊದಲು ಈಡೇರಿಸಬೇಕಾದ ಷರತ್ತು ಮದುವೆಯ ಷರತ್ತು ಅಂತ ಹದೀಸ್, ಅಂದರೆ ಪ್ರವಾದಿಯವರ ನುಡಿ ಇದೆ. ನನಗೆ ಮುಂದಿನ ವರ್ಷ ಮದುವೆ. ಕೆಲಸ ಮುಂದುವರಿಸುತ್ತೇನೆ, ಸಂಬಳ ನನ್ನ ಖಾತೆಗೆ ಬರುತ್ತದೆ ಅಂತ ನಿಕಾಹ್‌ನಾಮಾದಲ್ಲೇ ಬರೆಸುತ್ತಿದ್ದೇನೆ. ಹುಡುಗ ಒಪ್ಪಿದ್ದಾನೆ. ಅವನ ಚಿಕ್ಕಪ್ಪ ಇನ್ನೂ ಒಪ್ಪಿಲ್ಲ. ಮದುವೆ ಅವರ ಜೊತೆ ಅಲ್ಲ ಬಿಡಿ.

– ಸಾಫ್ಟ್‌ವೇರ್ ಟೆಸ್ಟರ್, ಬೆಂಗಳೂರು

*

ನಾನೂ ಇಬ್ಬರು ಸೊಸೆಯರ ಅತ್ತೆ. ನಿಮ್ಮ ಅತ್ತೆ ಮಾಡಿದ್ದು ಸರಿಯಲ್ಲ. ಆದರೆ ಆ ಕಾರ್ಡ್ ಅವರು ಕಪಾಟಿನಲ್ಲಿ ಯಾಕೆ ಇಟ್ಟುಕೊಂಡಿರಬಹುದು ಅಂತ ನನಗೆ ಅಂದಾಜಾಗುತ್ತದೆ. ಮಗ ದುಡ್ಡು ಕಳಿಸುವಾಗ ಮನೆ ಖರ್ಚು ಅವರ ಕೈಯಲ್ಲೇ ಇತ್ತು. ಅದು ನಿಂತಿತು. ಮದ್ದಿಗೆ, ಮದುವೆ ಮನೆಯ ಮುಯ್ಯಿಗೆ ಇನ್ನು ಯಾರನ್ನು ಕೇಳುವುದು ಎಂಬ ಹೆದರಿಕೆ ಅವರಿಗೆ. ಅವರ ಖರ್ಚು ಮಗನೇ ನೋಡಬೇಕು, ನಿಮ್ಮ ತಲೆಗೆ ಕಟ್ಟುವುದಲ್ಲ.

ಕಾರ್ಡ್ ವಾಪಸ್ ತೆಗೆದುಕೊಳ್ಳಿ, ಅದರಲ್ಲಿ ದಾಕ್ಷಿಣ್ಯ ಬೇಡ. ಮನಸ್ಸಿದ್ದರೆ ಮುಂದಿನ ಸಂಬಳ ಬಂದ ದಿನ ನಿಮ್ಮ ಕೈಯಾರೆ ಒಂದಿಷ್ಟು ದುಡ್ಡು ಅವರಿಗೆ ಕೊಡಿ, "ಇದು ನಿಮ್ಮ ಮದ್ದಿಗೆ" ಅಂತ. ಎಷ್ಟು ಅನ್ನುವುದು ನಿಮಗೆ ಬಿಟ್ಟದ್ದು.

– ಗೃಹಿಣಿ, ಮಂಗಳೂರು