ಪದಚರ್ಚೆ: ನಮ್ಮ ರಾಜ್ಯ ಚಿಟ್ಟೆಯನ್ನು ಕನ್ನಡದಲ್ಲಿ ಏನೆಂದು ಕರೆಯೋಣ?

ಎಲ್ಲರಿಗೂ ನಮಸ್ಕಾರ.

ಮಕ್ಕಳಿಗಾಗಿ ಬರೆದ ಒಂದು ಚಿಕ್ಕ ಪುಸ್ತಕದ ಕರಡು ತಿದ್ದುತ್ತಿದ್ದೇನೆ. ಅದರ ಒಂದು ಪುಟದ ತುಂಬ ಕರ್ನಾಟಕದ ಗುರುತುಗಳ ಚಿತ್ರಗಳಿವೆ. ಆನೆಯ ಕೆಳಗೆ ‘ರಾಜ್ಯ ಪ್ರಾಣಿ’, ನೀಲಕಂಠದ ಕೆಳಗೆ ‘ರಾಜ್ಯ ಪಕ್ಷಿ’, ಶ್ರೀಗಂಧಕ್ಕೆ ‘ರಾಜ್ಯ ವೃಕ್ಷ’, ಕಮಲಕ್ಕೆ ‘ರಾಜ್ಯ ಪುಷ್ಪ’. ಕೊನೆಯ ಚಿತ್ರದ ಕೆಳಗೆ ‘ರಾಜ್ಯ ಚಿಟ್ಟೆ: ಸದರ್ನ್ ಬರ್ಡ್‌ವಿಂಗ್’. ಪೆನ್ನು ಅಲ್ಲೇ ನಿಂತುಬಿಟ್ಟಿತು.

ಮೊದಲು ಸಣ್ಣ ತಕರಾರು ಮುಗಿಸಿಬಿಡುತ್ತೇನೆ. ಹಕ್ಕಿ ಪಕ್ಷಿಯಾಯಿತು, ಮರ ವೃಕ್ಷವಾಯಿತು, ಹೂವು ಪುಷ್ಪವಾಯಿತು. ಚಿಟ್ಟೆ ಮಾತ್ರ ಚಿಟ್ಟೆಯಾಗಿಯೇ ಉಳಿಯಿತು. ಪತಂಗ ಅಂದರೆ ದೀಪಕ್ಕೆ ಮುತ್ತುವ ಹುಳು ನೆನಪಾಗುತ್ತದೆ. ಮಲಯಾಳದವರ ಚಿತ್ರಶಲಭ ನಮ್ಮ ಬಾಯಿಗೆ ಹತ್ತಲಿಲ್ಲ. ಗೆಳೆಯರೊಬ್ಬರು ಇದನ್ನು ನೋಡಿ, “ರಾಜ್ಯ ಸಂಸ್ಕೃತ, ಚಿಟ್ಟೆ ಕನ್ನಡ. ಸೇರಿಸಿದರೆ ಅರಿಸಮಾಸ, ‘ನಾಡಚಿಟ್ಟೆ’ ಅನ್ನಿ” ಎಂದರು. ಬಿರುದುಗಳಲ್ಲಿ ಅರಿಸಮಾಸ ಬಂದರೆ ದೋಷವಿಲ್ಲ ಎಂದು ಹಳೆಯ ವ್ಯಾಕರಣವೇ ಹೇಳುತ್ತದೆ. ಇದೂ ಒಂದು ಬಿರುದೇ ಅಲ್ವಾ? ನಾಡಗೀತೆ, ನಾಡಹಬ್ಬದ ಸಾಲಿಗೆ ನಾಡಚಿಟ್ಟೆಯೂ ಸೇರಬಹುದಿತ್ತು, ನಿಜ. ಆದರೆ ನಾಡಬಂದೂಕು, ನಾಡಹೆಂಚು ಕೂಡ ಅದೇ ಸಾಲಿನಲ್ಲಿ ನಿಂತಿವೆ. ಜೊತೆಗೆ ಇದು ಪಶ್ಚಿಮ ಘಟ್ಟದ ಕಾಡಿನ ಜೀವಿ. ಅದನ್ನು ಹಿಡಿದು ‘ನಾಡ’ ಅನ್ನುವುದು ಯಾಕೋ ಸರಿ ಕಾಣಲಿಲ್ಲ. ರಾಜ್ಯ ಚಿಟ್ಟೆಯೇ ಇರಲಿ. (ಕರಾವಳಿಯ ಕೆಲವು ಕಡೆ ಚಿಟ್ಟೆ ಅಂದರೆ ಕೂತು ಹರಟುವ ಜಗಲಿಕಟ್ಟೆ. ಅಲ್ಲಿನ ಮಕ್ಕಳು ನಗುವುದಾದರೆ ನಗಲಿ.)

ನಿಜವಾದ ತೊಡಕು ಇರುವುದು ‘ಸದರ್ನ್ ಬರ್ಡ್‌ವಿಂಗ್’ ಅನ್ನುವುದರಲ್ಲಿ.

ಚಿತ್ರವನ್ನು ಒಮ್ಮೆ ನೋಡಿ. ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಕಪ್ಪು ಅಂಚಿನ ಹೊಳೆಯುವ ಹಳದಿ. ತಲೆಯ ಹಿಂದೆ ಕೆಂಪು. ಅರಿಶಿನ ಕುಂಕುಮದ ಬಣ್ಣ ಕಂಡ ಮೇಲೆ ಕನ್ನಡ ಬಾವುಟ ನೆನಪಾಗದೆ ಇರುತ್ತದೆಯೇ? ರೆಕ್ಕೆ ಬಿಚ್ಚಿದರೆ ನಮ್ಮ ಅಂಗೈ ಮುಚ್ಚಿಹೋಗುತ್ತದೆ. ಹಾರುವಾಗ ಪುಟ್ಟ ಹಕ್ಕಿಯೇ ಹೋದಂತೆ. ಆ ‘ಬರ್ಡ್’ ಬಂದದ್ದು ಅದರಿಂದಲೇ.

‘ಸದರ್ನ್’ ಅನ್ನು ನಾನು ಯೋಚನೆ ಮಾಡದೆ ಹೊಡೆದುಹಾಕಿದೆ. ದಕ್ಷಿಣದ್ದು ಅನ್ನಲು ಹೇಳುವವರು ಬಡಗಲಿನಲ್ಲಿ ನಿಂತಿರಬೇಕು. ಇಲ್ಲೇ ಹುಟ್ಟಿ ಇಲ್ಲೇ ಹಾರುವ ಚಿಟ್ಟೆಗೆ ನಾವೇ ‘ದಕ್ಷಿಣದ’ ಅನ್ನುವುದು, ಮನೆಯವರನ್ನು ‘ಪಕ್ಕದ ಬೀದಿಯವರು’ ಅಂದ ಹಾಗೆ.

ಉಳಿದದ್ದು ‘ಬರ್ಡ್‌ವಿಂಗ್’. ‘ಹಕ್ಕಿರೆಕ್ಕೆ’ ಅಂತ ಬರೆದು ನೋಡಿದೆ. ಓದಿದರೆ ಹಕ್ಕಿಯ ರೆಕ್ಕೆ ಅಂತಲೇ ಅರ್ಥವಾಗುತ್ತದೆ, ಹಕ್ಕಿಯಂಥ ರೆಕ್ಕೆ ಇರುವಂಥದ್ದು ಅಂತಲ್ಲ. ಇಂಗ್ಲಿಷಿನಲ್ಲಿ ಅಷ್ಟಕ್ಕೇ ನಡೆಯುತ್ತದೆ. ಕನ್ನಡದಲ್ಲಿ ಬಹುವ್ರೀಹಿಯಾಗಬೇಕಾದರೆ ಕೊನೆಯ ಸ್ವರ ಸಾಮಾನ್ಯವಾಗಿ ಬದಲಾಗುತ್ತದೆ. ಮೂರು ಕಣ್ಣು ಇರುವವನು ಮುಕ್ಕಣ್ಣ, ಮುಕ್ಕಣ್ಣು ಅಲ್ಲ. ಒಂದೇ ಕಣ್ಣಿನವಳು ಒಕ್ಕಣ್ಣಿ. ಇಲ್ಲವೇ ಪಕ್ಕದಲ್ಲಿ ಇನ್ನೊಂದು ಹೆಸರು ಬೇಕು, ಕೆಮ್ಮೀಸೆ ಪಿಕಳಾರ ಅನ್ನುವ ಹಕ್ಕಿಯ ಹೆಸರಿನ ಹಾಗೆ. ಹಾಗೆ ಮಾಡಿದರೆ ‘ರಾಜ್ಯ ಚಿಟ್ಟೆ: ಹಕ್ಕಿರೆಕ್ಕೆ ಚಿಟ್ಟೆ’ ಆಗುತ್ತದೆ. ತಪ್ಪೇನಿಲ್ಲ, ಆದರೆ ಚಿಟ್ಟೆ ಜಾಸ್ತಿಯಾಯಿತು.

ನೆರೆಯವರು ಏನು ಮಾಡಿದ್ದಾರೆ ಅಂತ ನೋಡಿದೆ. ಮೊದಲು ರಾಜ್ಯ ಚಿಟ್ಟೆ ಆರಿಸಿಕೊಂಡದ್ದು ಮಹಾರಾಷ್ಟ್ರ, 2015ರಲ್ಲಿ. ಕೇರಳ 2018ರಲ್ಲಿ ಆರಿಸಿದ ಚಿಟ್ಟೆಯ ಹೆಸರು ಬುದ್ಧಮಯೂರಿ. ಶಾಸ್ತ್ರೀಯ ಹೆಸರಿನಿಂದ ಬುದ್ಧನನ್ನೂ ಇಂಗ್ಲಿಷ್ ಹೆಸರಿನಿಂದ ನವಿಲನ್ನೂ ಕರೆದು ಕೂರಿಸಿದ್ದಾರೆ. ತಮಿಳುನಾಡಿನ 2019ರ ಆಯ್ಕೆಗೆ ಇಂಗ್ಲಿಷಿನಲ್ಲಿ ತಮಿಳ್ ಯೋಮನ್ ಅಂತಿತ್ತು. ಅವರು ಯೋಮನ್‌ಗೆ ನಿಘಂಟು ತೆಗೆಯಲಿಲ್ಲ, ‘ತಮಿಳ್ ಮರವನ್’ ಅಂದರು. ಮರವನ್ ಅಂದರೆ ವೀರ. ಭಲೇ ಅನ್ನಿಸಿತು. ನಮ್ಮ ಚಿಟ್ಟೆಯ ಶಾಸ್ತ್ರೀಯ ಹೆಸರಿನಲ್ಲಿರುವವನು ಗ್ರೀಕ್ ಪುರಾಣದ ಮಿನೋಸ್ ರಾಜ. ಅವನಿಂದ ನಮಗೆ ಉಪಕಾರವಿಲ್ಲ.

ಮರಿಹುಳು ತಿನ್ನುವ ಈಶ್ವರಿ ಬಳ್ಳಿಯಿಂದ ‘ಈಶ್ವರಿ ಚಿಟ್ಟೆ’ ಮಾಡೋಣ ಅಂದುಕೊಂಡೆ. ಚೆಂದದ ಹೆಸರು. ಆದರೆ ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳ ಮರಿಗಳೂ ಅದೇ ಬಳ್ಳಿಯನ್ನು ಮೇಯುತ್ತವೆ. ಒಂದಕ್ಕೆ ಮಾತ್ರ ಕೊಟ್ಟರೆ ಉಳಿದವಕ್ಕೆ ಅನ್ಯಾಯ. ಹೆಸರು ಅಕ್ಷರಕ್ಕೆ ಅಕ್ಷರ ನಿಜವಾಗಿರಬೇಕು ಅಂತೇನೂ ಇಲ್ಲ, ಬಿಡಿ. ನಮ್ಮ ನೀಲಕಂಠದ ನೀಲಿ ಎದ್ದು ಕಾಣುವುದು ನೆತ್ತಿ, ರೆಕ್ಕೆ, ಬಾಲದಲ್ಲಿ, ಕಂಠದಲ್ಲಿ ಅಲ್ಲ!

ಕೊನೆಗೆ ಮುಕ್ಕಣ್ಣ, ಒಕ್ಕಣ್ಣಿಯರ ದಾರಿಯನ್ನೇ ಹಿಡಿದೆ: ‘ಹಕ್ಕಿರೆಕ್ಕಿ’. ಬಾಯಲ್ಲಿ ಹೇಳಿ ನೋಡಿ. ಮಕ್ಕಳು ಎರಡು ಸಲ ಹೇಳಿದರೆ ಪದ್ಯವಾಗುತ್ತದೆ. ಅಡ್ಡಹೆಸರಿನ ಹಾಗೆ ಕೇಳಿಸುತ್ತದೆ ಅನ್ನುವುದು ಅದರ ಗುಣವೋ ದೋಷವೋ, ನೀವೇ ಹೇಳಬೇಕು.

ಇನ್ನೂ ಎರಡು ಮಾತು ಕೇಳಬೇಕಿತ್ತು. ಮಲೆನಾಡಿನವರು ಈ ದೊಡ್ಡ ಕಪ್ಪು-ಹಳದಿ ಚಿಟ್ಟೆಯನ್ನು ಮನೆಮಾತಿನಲ್ಲಿ ಏನಾದರೂ ಅನ್ನುತ್ತೀರಾ? ಆ ಹೆಸರು ಸಿಕ್ಕರೆ ನನ್ನದನ್ನು ಈಗಲೇ ಅಳಿಸುತ್ತೇನೆ. ಪಾತರಗಿತ್ತಿ ಅನ್ನುವ ಬಡಗಣ ಕನ್ನಡಿಗರೇ, ‘ರಾಜ್ಯ ಪಾತರಗಿತ್ತಿ’ ಅಂತ ನೀವು ಸುಮ್ನೆ ತಮಾಷೆಗಾದರೂ ಹೇಳುವುದುಂಟಾ?

ಕರಡಿನಲ್ಲಿ ಸದ್ಯಕ್ಕೆ ಪೆನ್ಸಿಲಿನಲ್ಲಿ ‘ಹಕ್ಕಿರೆಕ್ಕೆ’ ಅಂತ ಇದೆ. ಕೊನೆಯ ಅಕ್ಷರದ ಮೇಲೆ ರಬ್ಬರ್ ಇಟ್ಟುಕೊಂಡು ಕೂತಿದ್ದೇನೆ.